ಬೆನ್ನ ಮೇಲಿನ ಬರಹ

ಓದುವ ಚಟ ಹತ್ತಿದವನಿಗೆ ಪುಸ್ತಕವೇ ಬೇಕೆಂಬ ಹಟವಿರುವುದಿಲ್ಲ. ಚುರುಮುರಿ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ, ಚುರುಮುರಿಯನ್ನು ಮರೆತು, ಹರಿದುಹೋದ ಸಾಲಿನ ಉಳಿದ ಅರ್ಧದಲ್ಲಿ ಏನಿದ್ದೀತೆಂದು ಚಿಂತಿಸುತ್ತ ನಿಂತವರನ್ನು ನಾನು ಕಂಡಿದ್ದೇನೆ. ಆ ಜಾತಿಯವರಲ್ಲಿ ನಾನೂ ಒಬ್ಬ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಲೆ, ಎಲ್ಲಿ ಅಕ್ಷರ ಕಂಡರೂ ಅಲ್ಲಿ ಕಾಗುಣಿತದ ತಪ್ಪು ಹುಡುಕುವುದು ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ನಿವೃತ್ತಿಯ ನಂತರ ಈ ಚಟಕ್ಕೆ ನನಗೆ ದೊರೆತ ದೊಡ್ಡ ಗ್ರಂಥಾಲಯವೆಂದರೆ ಗೋಕಾಕದ ಸುತ್ತಲಿನ ರಸ್ತೆಗಳು.

ನನ್ನ ಅಕ್ಕನ ಮನೆ ಮೂಡಲಗಿಯಲ್ಲಿ; ಮಗಳನ್ನು ಕೊಟ್ಟದ್ದು ಹುಕ್ಕೇರಿಗೆ. ಹೀಗಾಗಿ ತಿಂಗಳಿಗೆ ಎರಡು ಸಲವಾದರೂ ನನ್ನ ಸಣ್ಣ ಕಾರು ಲೋಳಸೂರ ಸೇತುವೆಯನ್ನು ದಾಟಲೇಬೇಕು. ಕಬ್ಬು ನುರಿಸುವ ಕಾಲ ಬಂತೆಂದರೆ ಈ ದಾರಿಗಳ ಗತ್ತೇ ಬೇರೆ. ಮುಂದೊಂದು ಟ್ರ್ಯಾಕ್ಟರು, ಅದರ ಬೆನ್ನಿಗೆ ಎರಡು ಟ್ರೇಲರು, ಅವುಗಳ ಮೇಲೆ ಮನೆಯೆತ್ತರದ ಕಬ್ಬು, ಎಲ್ಲಕ್ಕೂ ಮೇಲೆ ಸೌಂಡ್ ಬಾಕ್ಸಿನ ಹಾಡು. ಅದನ್ನು ಹಿಂದೆ ಹಾಕುವ ಧೈರ್ಯವಿಲ್ಲದವನು ಅದರ ಹಿಂದೆ ಹೋಗಬೇಕು. ಹಿಂದೆ ಹೋಗುವವನು ಓದಬೇಕು. ತುಂಬಿದ ಟ್ರೇಲರಿನ ಬರಹವನ್ನು ಇಳಿಬಿದ್ದ ರವದಿ ಮುಚ್ಚಿರುತ್ತದೆ. ಆದರೆ ಕಾರಖಾನೆಯಲ್ಲಿ ಕಬ್ಬು ಇಳಿಸಿ ಬರಿದಾಗಿ ಮರಳುವ ಗಾಡಿ ಬಿಚ್ಚಿಟ್ಟ ಹೊತ್ತಿಗೆಯ ಹಾಗೆ. 'ತಾಯಿಯ ಆಶೀರ್ವಾದ', 'ಅಪ್ಪನ ದುಡಿಮೆ', ಮಕ್ಕಳ ಹೆಸರು, ಮನೆದೇವರ ಹೆಸರು, ಹುಲಿಯ ಮುಖ, 'ನೋಡಿ ಉರಕೋಬ್ಯಾಡ' ಎಂಬ ಎಚ್ಚರಿಕೆ. ಯಾರು ಉರಿದುಕೊಂಡರೋ ನಾನರಿಯೆ. ಬಣ್ಣ ಮಾತ್ರ ಚೆನ್ನಾಗಿರುತ್ತದೆ.

ಕಾರು, ಜೀಪುಗಳ ಬೆನ್ನಿನ ಸಾಹಿತ್ಯ ಬೇರೆ ಬಗೆಯದು. ಅಲ್ಲಿ ಪೇಂಟರನ ಕೈ ಇಲ್ಲ. ಅಂಗಡಿಯಲ್ಲಿ ಕತ್ತರಿಸಿ ಕೊಡುವ ಅಂಟುಚೀಟಿ, ಎಂದರೆ ಸ್ಟಿಕರು. ಬಸವಣ್ಣನವರ ಚಿತ್ರ, ಸಂಗೊಳ್ಳಿ ರಾಯಣ್ಣನ ಚಿತ್ರ, ಅಂಬೇಡ್ಕರರ ಚಿತ್ರ, ಶಿವಾಜಿಯ ಚಿತ್ರ, ಸಿನಿಮಾ ನಟರ ಸಹಿ, ಕುಲದ ಹೆಸರು, ಪಕ್ಷದ ಚಿಹ್ನೆ. ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನು ಕಾಡುಮೇಡು ಸುತ್ತಿದ್ದು ತನ್ನ ಕಾಲಮೇಲೆಯೇ. ಇಂದು ಅವನನ್ನು ಕೂಡಿಸಿಕೊಂಡು ಗಂಟೆಗೆ ನೂರು ಕಿಲೋಮೀಟರಿನಂತೆ ಅರಭಾವಿಯ ತಿರುವನ್ನು ದಾಟಿಸುವವರಿದ್ದಾರೆ.

ಒಂದು ಸಂಜೆ ಈ ವಿಷಯ ನಮ್ಮ ತಿರುಗಾಟದ ಗುಂಪಿನಲ್ಲಿ ಬಂತು. ನಮ್ಮಲ್ಲಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದವರೊಬ್ಬರಿದ್ದಾರೆ. ಅವರು, "ಮಾಸ್ತರ, ನೀವು ಬರಹ ಓದತೀರಿ. ಓದೂದಲ್ಲ, ಎಣಿಸಬೇಕು. ಎಷ್ಟು ಹೆಚ್ಚು ಅಂಟಿಸ್ಯಾನೋ ಅಷ್ಟು ದೂರ ಇರ್ರಿ" ಎಂದರು. ವಿನೋದವೆಂದು ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಜ್ಲೆಮ್ಕೊ ಎಂಬವರೂ ಅವರ ಸಂಗಡಿಗರೂ ಈ ಬಗೆಗೆ ವಿಚಾರಿಸಿ ೨೦೦೮ರಲ್ಲಿ ಪ್ರಕಟಿಸಿದ ಲೇಖನವೊಂದುಂಟಂತೆ. ಯಾವ ಗಾಡಿಯವನು ರಸ್ತೆಯಲ್ಲಿ ರೇಗುತ್ತಾನೆ, ಬೆನ್ನಟ್ಟುತ್ತಾನೆ, ಅಡ್ಡ ನುಗ್ಗುತ್ತಾನೆ ಎಂಬುದನ್ನು ಮುಂದಾಗಿ ಊಹಿಸಲು ಗಾಡಿಯ ಬೆಲೆಯಾಗಲಿ ಸ್ಥಿತಿಯಾಗಲಿ ಅಷ್ಟು ನೆರವಾಗಲಿಲ್ಲ. ಅವನು ಗಾಡಿಗೆ ಹಚ್ಚಿಕೊಂಡ ಗುರುತುಗಳ ಸಂಖ್ಯೆ ಹೆಚ್ಚು ನೆರವಾಯಿತು. ಇನ್ನೂ ಸೋಜಿಗದ ಮಾತೆಂದರೆ, ಆ ಗುರುತು ಏನು ಹೇಳುತ್ತದೆ ಎಂಬುದರಿಂದ ವ್ಯತ್ಯಾಸವೇ ಕಾಣಲಿಲ್ಲ. ಜಗಳಕ್ಕೆ ಕರೆಯುವ ಚೀಟಿಯೂ ಜಗತ್ತಿಗೆ ಶಾಂತಿ ಕೋರುವ ಚೀಟಿಯೂ ಈ ಲೆಕ್ಕದಲ್ಲಿ ಒಂದೇ.

ಅದಕ್ಕೆ ಅವರು ಕೊಟ್ಟ ಕಾರಣ ಇದು. ಮನುಷ್ಯನಿಗೆ ತನ್ನದೆಂಬ ನೆಲವುಂಟು, ಎಲ್ಲರದೆಂಬ ನೆಲವುಂಟು. ತನ್ನ ಮನೆಗೆ ಬಾಗಿಲಿಗೊಂದು ಹೆಸರು ಬರೆಸುತ್ತಾನೆ, ತೋರಣ ಕಟ್ಟುತ್ತಾನೆ. ಹೊಸ್ತಿಲು ದಾಟಿ ಅನ್ಯರು ಬಂದರೆ ಎದ್ದು ನಿಲ್ಲುತ್ತಾನೆ. ಅದು ಸಹಜ, ಅದು ನ್ಯಾಯ. ರಸ್ತೆಯಲ್ಲಿ ಹಾಗೆ ಎದ್ದು ನಿಲ್ಲುವಂತಿಲ್ಲ. ಅಲ್ಲಿ ಬಂದವನೂ ಹೋದವನೂ ಸಮ. ಕಾರು ಎಂಬುದೋ ಈ ಎರಡರ ನಡುವಿನ ವಿಚಿತ್ರ. ಅದು ಎಲ್ಲರ ನೆಲದ ಮೇಲೆ ಉರುಳುವ ತನ್ನ ಮನೆ. ಗುರುತು ಹಚ್ಚಿ ಹಚ್ಚಿ ಅದು ತನ್ನದೆಂಬ ಭಾವನೆ ಗಟ್ಟಿಯಾದವನಿಗೆ, ಅದರ ಗಾಲಿಯ ಕೆಳಗಿನ ರಸ್ತೆಯೂ, ಗಾಲಿಯ ಮುಂದಿನ ಹತ್ತು ಮಾರು ರಸ್ತೆಯೂ ತನ್ನ ಅಂಗಳವೆಂದೇ ತೋರತೊಡಗುತ್ತದೆ. ಅಂಗಳಕ್ಕೆ ನುಗ್ಗಿದವನ ಮೇಲೆ ಸಿಟ್ಟು ಬರದಿದ್ದೀತೆ?

ಮನೆಗೆ ಬಂದವನೇ ನಾನು ಮಾಡಿದ ಮೊದಲ ಕೆಲಸ ನನ್ನ ಕಾರಿನ ಹಿಂದೆ ಹೋಗಿ ಎಣಿಸಿದ್ದು. ಹಿಂದಿನ ಗಾಜಿನ ಮೇಲೆ ಬಸವಣ್ಣನವರ ವಚನದ ಸಾಲೊಂದು, ದಯೆಯನ್ನು ಕುರಿತದ್ದು; ಓದುಗರಿಗೆ ಯಾವುದೆಂದು ಹೇಳಬೇಕಾಗಿಲ್ಲ. ಅದರ ಕೆಳಗೆ ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಕೊಟ್ಟ ಚೀಟಿ. ಎಡಕ್ಕೆ, ಮೊಮ್ಮಗಳು ಅಂಟಿಸಿದ ಬೆಕ್ಕಿನ ಮರಿ. ಬಲಕ್ಕೆ, ಕನ್ನಡ ಬಾವುಟ. ಒಟ್ಟು ನಾಲ್ಕು. ಕೊಲೊರಾಡೊದವರ ಲೆಕ್ಕದಲ್ಲಿ ನಾನು ಊರಿನ ಪುಂಡರ ಸಾಲಿಗೆ ಬಂದಿದ್ದೆ.

ನನಗೆ ಸಿಟ್ಟು ಬಂತು. ಇದನ್ನೂ ಅವರು ಎಣಿಕೆಗೆ ಹಿಡಿದಾರೇನೋ. ಮಾಸ್ತರಿಕೆಯ ಬುದ್ಧಿಯಿಂದ ಆ ವಾದದಲ್ಲಿ ತಪ್ಪು ಹುಡುಕತೊಡಗಿದೆ. ಹುಡುಕಿದರೆ ಸಿಗದಿರುವುದಿಲ್ಲ. ಅವರು ವಿಚಾರಿಸಿದ್ದು ಕಾಲೇಜು ವಿದ್ಯಾರ್ಥಿಗಳನ್ನು. ರಸ್ತೆಯಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂದು ಅವರನ್ನೇ ಕೇಳಿ ಬರೆದುಕೊಂಡ ಉತ್ತರಗಳು. ಎರಡು ಸಂಗತಿಗಳು ಜೊತೆಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದರ ತಾಯಿಯಾಗುವುದಿಲ್ಲ. ಚೀಟಿ ಹಚ್ಚಿದ್ದರಿಂದ ಒರಟನಾದನೋ, ಒರಟನಾದ್ದರಿಂದ ಹಚ್ಚಿದನೋ? ಅದೂ ಹೋಗಲಿ. ಅಲ್ಲಿ ಗಾಡಿ ಓಡಿಸುವವನೇ ಗಾಡಿಯ ಒಡೆಯ. ನಮ್ಮ ಕಡೆ?

ಇದನ್ನು ಪರೀಕ್ಷಿಸಲು ನನಗೊಂದು ಅವಕಾಶವೂ ಸಿಕ್ಕಿತು. ಘಟಪ್ರಭಾದ ಚಹದಂಗಡಿಯೊಂದರ ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ನಿಂತಿತ್ತು. ನಾನು ಕಂಡವುಗಳಲ್ಲೆಲ್ಲ ಹೆಚ್ಚು ಶೃಂಗಾರ ಮಾಡಿಕೊಂಡದ್ದು ಅದೇ: ಮಡ್‌ಗಾರ್ಡಿನ ಮೇಲೆ ಹುಲಿ, ಮುಂದೆ ರಾಯಣ್ಣ, ಬದಿಗೆ ಇಬ್ಬರು ಮಕ್ಕಳ ಹೆಸರು, ಚಿಕ್ಕ ಚಿಕ್ಕ ಕನ್ನಡಿ, ಗೊಂಡೆ. ಡ್ರೈವರು ಇಪ್ಪತ್ತೈದರ ಹುಡುಗ. ಬಸಿಯಲ್ಲಿ ಚಹ ಆರಿಸಿಕೊಂಡು ಕುಡಿಯುತ್ತಿದ್ದ. ನಾನು ಮಾತು ತೆಗೆದು, "ಮಕ್ಕಳ ಹೆಸರ ಚಂದ ಬರಸೀಯಪಾ" ಎಂದೆ.

"ಮಕ್ಕಳು ಮಾಲಕರೂ ಸರ್. ನಂದಿನ್ನೂ ಲಗ್ನ ಆಗಿಲ್ಲ."

"ಹುಲಿ?"

"ಹುಲಿ ಪೇಂಟರಂದು. ಅಂವಾ ಎಲ್ಲಾರಿಗೂ ಅದ ಹುಲಿ ಹಾಕತಾನ."

"ಹಂಗಾರ ನಿಂದು ಏನೂ ಇಲ್ಲೇನು?"

ಅವನು ಮುಂಭಾಗದಲ್ಲಿ ತೂಗಾಡುತ್ತಿದ್ದ ಲಿಂಬಿಕಾಯಿ, ಮೆಣಸಿನಕಾಯಿಗಳ ಸರದ ಕಡೆಗೆ ಕೈ ತೋರಿಸಿದ. "ಅದೊಂದ ನಂದ್ರಿ. ಅವ್ವ ಕಟ್ಟಿ ಕೊಟ್ಟಾಳ."

ನನಗೆ ಗೆದ್ದಷ್ಟು ಸಂತೋಷವಾಯಿತು. ಕೊಲೊರಾಡೊದವರು ಇವನನ್ನು ಯಾವ ಖಾನೆಯಲ್ಲಿ ಹಾಕುವರು? ಗಾಡಿಯ ಮೈತುಂಬ ಅನ್ಯರ ಗುರುತು. ಸಾಲ ತೀರುವವರೆಗೆ ಗಾಡಿ ಬ್ಯಾಂಕಿನದು, ಹೆಸರು ಮಾಲೀಕನ ಮಕ್ಕಳದು, ಹುಲಿ ಪೇಂಟರನದು, ಅಪಾಯ ಮಾತ್ರ ಈ ಹುಡುಗನದು. ಅಲ್ಲಿಂದ ಹೊರಟಾಗ ಅವನು ಕೈಬೀಸಿ ನನ್ನ ಕಾರಿಗೆ ದಾರಿ ಬಿಟ್ಟುಕೊಟ್ಟ, ಬೇರೆ. ಇನ್ನೊಂದು ಮಾತು ಹೊಳೆಯಿತು. ಅಮೆರಿಕದ ಹೆದ್ದಾರಿಯಲ್ಲಿ ಚೀಟಿ ಹಚ್ಚಿದವನು ಯಾರೆಂದು ಹಿಂದಿನವನಿಗೆ ತಿಳಿಯದು. ನಮ್ಮಲ್ಲಿ ಹಾಗಲ್ಲ. ಬರಿಯ ಕೆಎ ೪೯ ಎಂಬ ಗೋಕಾಕದ ನಂಬರನ್ನು ಯಾರೂ ನೆನಪಿಡುವುದಿಲ್ಲ; ಆದರೆ ಮಕ್ಕಳ ಹೆಸರು ಬರೆದ ಟ್ರ್ಯಾಕ್ಟರು ಒಂದು ಕುರಿಗೆ ಬಡಿದರೆ ಸಂಜೆಯೊಳಗೆ ಅದರ ಮಾಲೀಕನ ಅಂಗಳದಲ್ಲಿ ಕುರಿಯವನು ಬಂದು ಕೂತಿರುತ್ತಾನೆ. ಹೆಸರು ಬರೆದುಕೊಂಡವನು ಹೆಸರಿಗೆ ಅಂಜಲೂ ಬೇಕಷ್ಟೆ?

ಗಾಡಿಯನ್ನು ಶೃಂಗರಿಸುವುದು ನಮಗೆ ಹೊಸತೂ ಅಲ್ಲ. ಕಾರಹುಣ್ಣಿವೆಯ ದಿನ ಎತ್ತಿನ ಕೋಡಿಗೆ ಬಣ್ಣ, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆ. ನಮ್ಮ ಅಜ್ಜನ ಚಕ್ಕಡಿಯ ಎತ್ತುಗಳ ಗೆಜ್ಜೆಯ ಸದ್ದನ್ನು ಊರವರು ಕತ್ತಲಲ್ಲಿಯೂ ಗುರುತಿಸುತ್ತಿದ್ದರಂತೆ. ಅದೂ ಒಂದು ಹೆಮ್ಮೆಯೇ. ಸಾಕಷ್ಟು ದೊಡ್ಡ ಹೆಮ್ಮೆಯೇ. ಆದರೆ ಎತ್ತಿನ ಮೇಲಿನ ಪ್ರೀತಿಗೆ ಎತ್ತಿನ ಉಸಿರಿನಷ್ಟು ಮಿತಿಯಿತ್ತು. ಏರು ಬಂದರೆ ಎತ್ತು ನಿಲ್ಲುತ್ತಿತ್ತು, ಒಡೆಯನೂ ಇಳಿದು ನಡೆಯಬೇಕಾಗಿತ್ತು. ಎಂಜಿನ್ನು ದಣಿಯುವುದಿಲ್ಲ, ಅದನ್ನು ಪ್ರೀತಿಸುವವನಿಗೆ ಸಾಕು ಎನ್ನುವವರಾರೂ ಇಲ್ಲ.

ಹೀಗೆ ನಾನು ಗೆಳೆಯರೆದುರು ವಾದಿಸಿದೆ. ಅವರು ಕೇಳಿದರು, ಮತ್ತು ಒಂದೇ ಪ್ರಶ್ನೆ ಹಾಕಿದರು: "ಆ ಹುಡುಗನ ಮಾತು ಒಪ್ಪಿದೆ. ನೀವು ನಿಮ್ಮ ಕಾರಿನ ಡ್ರೈವರಲ್ಲ, ಮಾಲಕರು. ನಿಮ್ಮ ಮಾತೇನು?" ನಾನು ಬಸವಣ್ಣನವರ ವಚನ ಹಚ್ಚಿದವನು, ಹುಲಿ ಹಚ್ಚಿದವನಲ್ಲ ಎಂದೆ. ಅವರು ಸುಮ್ಮನಾದರು. ಆ ಮೌನ ನನಗೆ ಅಂದು ಅರ್ಥವಾಗಲಿಲ್ಲ.

ಹಚ್ಚಿದ್ದು ಏನು ಎಂಬುದು ಮುಖ್ಯವೋ ಅಲ್ಲವೋ? ಈ ಪ್ರಶ್ನೆಗೆ ನಮ್ಮ ನಾಡಿನ ದೊಡ್ಡ ಉದಾಹರಣೆಯೊಂದಿದೆ. ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯರೆಂಬ ಯುವ ಕಲಾವಿದರು ೨೦೧೫ರಲ್ಲಿ ತಮ್ಮ ಊರಿನ ಹುಡುಗರ ಬಾವುಟಕ್ಕಾಗಿ ಒಂದು ಹನುಮಂತನ ಮುಖ ಬರೆದುಕೊಟ್ಟರು. ಕೇಸರಿ, ಕಪ್ಪು ಎರಡೇ ಬಣ್ಣ. ಹುಬ್ಬು ಗಂಟಿಕ್ಕಿದ ಅರೆಮುಖ. ಕೆಲವೇ ತಿಂಗಳಲ್ಲಿ ಅದು ಬೆಂಗಳೂರಿನ ಕಾರುಗಳ ಹಿಂಗಾಜನ್ನೆಲ್ಲ ಹಿಡಿದು, ಅಲ್ಲಿಂದ ದೇಶದ ಉದ್ದಗಲಕ್ಕೆ ಹಬ್ಬಿತು. ೨೦೧೮ರ ಮೇ ತಿಂಗಳಲ್ಲಿ ಪ್ರಧಾನಮಂತ್ರಿಗಳು ಮಂಗಳೂರಿನ ಸಭೆಯಲ್ಲಿ ಆ ಕಲಾವಿದರನ್ನು ಹೊಗಳಿದರು. ಇದು ಉಗ್ರತೆಯ ಗುರುತೆಂದು ಹಲವರು ಬರೆದರು. ತನ್ನ ಹನುಮಂತ ಸಿಟ್ಟಿನವನಲ್ಲ, ಶಕ್ತಿಯುಳ್ಳವನು ಎಂದು ಕಲಾವಿದರು ಹೇಳಿದರು. ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ಚಿತ್ರ ಬರೆದವನ ಮನಸ್ಸು ಚಿತ್ರದ ಜೊತೆಗೆ ಅಂಟಿಕೊಂಡು ಬರುವುದಿಲ್ಲವಲ್ಲ. ಒಬ್ಬನು ಭಕ್ತಿಯಿಂದ ಹಚ್ಚಿದ, ಒಬ್ಬನು ಚಂದ ಕಂಡಿತೆಂದು ಹಚ್ಚಿದ, ಒಬ್ಬನು ಬೆನ್ನ ಹಿಂದಿನವನು ಅಂಜಲೆಂದು ಹಚ್ಚಿದ. ಕಡಲನ್ನು ಹಾರಿಯೂ ದಾಸನೆಂದೇ ಹೇಳಿಕೊಂಡವನು ಹನುಮಂತ. ಅವನ ಮುಖವನ್ನು ಹೊತ್ತವರಲ್ಲಿ ಎಷ್ಟು ಮಂದಿ ಮುಂದಿನ ಸೈಕಲ್ಲಿನವನಿಗೆ ದಾಸರಾದರೋ!

ನಾವು ಓದುಬರಹ ಬಲ್ಲವರು ಇದಕ್ಕಿಂತ ಮೇಲೆಂದು ತಿಳಿಯುವ ಕಾರಣವಿಲ್ಲ. ನಮ್ಮ ಕಾರುಗಳಲ್ಲಿ ಹುಲಿಯಿಲ್ಲ, 'ಪ್ರೆಸ್' ಇದೆ. 'ಪೊಲೀಸ್' ಇದೆ, ಮನೆಯಲ್ಲಿ ಒಬ್ಬ ಸೋದರಮಾವ ಪೊಲೀಸನಾಗಿದ್ದರೂ ಸಾಕು. ವಕೀಲರ ಚಿಹ್ನೆ ಇದೆ. ವೈದ್ಯರ ಕಾರಿನ ಮೇಲೆ ಕೆಂಪು ಶಿಲುಬೆ ಇದೆ. ಆ ಕೆಂಪು ಶಿಲುಬೆ ಯುದ್ಧಭೂಮಿಯ ಗಾಯಾಳುಗಳ ರಕ್ಷಣೆಗೆ ಮೀಸಲಾದ ಗುರುತು, ೧೯೬೦ರ ಜಿನೀವಾ ಒಪ್ಪಂದಗಳ ಕಾಯಿದೆಯ ಪ್ರಕಾರ ಅದನ್ನು ಕಂಡವರೆಲ್ಲ ಬಳಸುವಂತಿಲ್ಲ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಇವೆಲ್ಲ ಹೇಳುವುದು ಒಂದೇ ಮಾತು: ನಾನು ಒಬ್ಬನೇ ಅಲ್ಲ, ನನ್ನ ಹಿಂದೆ ಜನರಿದ್ದಾರೆ. ಮಕ್ಕಳ ಹೆಸರು ಬರೆದ ಟ್ರ್ಯಾಕ್ಟರಿಗೆ ಇಂಥವರದೆಂಬ ಅಂಜಿಕೆಯಾದರೂ ಇದೆ. ಈ ಚೀಟಿಗಳು ಹೆಸರು ಹೇಳುವುದಿಲ್ಲ; ಗುಂಪನ್ನು ಹೇಳಿ ಹೆಸರನ್ನು ಮರೆಸುತ್ತವೆ.

ಒಳ್ಳೆಯ ಮಾತೂ ಹೇಗೆ ತಿರುಗಿ ಬೀಳುತ್ತದೆಂಬುದಕ್ಕೆ ಲಾರಿಯ 'ಹಾರ್ನ್ ಓಕೆ ಪ್ಲೀಸ್' ಸಾಕ್ಷಿ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ ಅರ್ಧ ಗಂಟೆ ನಿಂತರೆ ಎರಡೂ ರಾಜ್ಯಗಳ ಲಾರಿಗಳ ಬೆನ್ನನ್ನು ಓದಬಹುದು. 'ನನಗೆ ಹಿಂದೆ ಕಾಣುವುದಿಲ್ಲ, ದಯಮಾಡಿ ಸದ್ದು ಮಾಡಿ ತಿಳಿಸಿ, ದಾರಿ ಕೊಡುತ್ತೇನೆ' ಎಂಬ ವಿನಯದ ಮಾತು ಅದು. ಕೇಳುವವರಿಗೆ ಅದು ಹಾರ್ನ್ ಒತ್ತಲು ಕೊಟ್ಟ ಅಪ್ಪಣೆಯಾಯಿತು. ಕೊನೆಗೆ ೨೦೧೫ರಲ್ಲಿ ಮಹಾರಾಷ್ಟ್ರ ಸರಕಾರ ಆ ಬರಹವನ್ನೇ ನಿಷೇಧಿಸಬೇಕಾಯಿತು.

ಈಗ ನನ್ನ ಕಥೆ. ಹೇಳದೆ ಬಿಡಬಹುದಾಗಿತ್ತು; ಬಿಟ್ಟರೆ ಮೇಲೆ ಬರೆದದ್ದೆಲ್ಲ ಅನ್ಯರ ಮನೆಯ ಲೆಕ್ಕವಾಗುತ್ತದೆ.

ಹೋದ ಜನವರಿಯಲ್ಲಿ ಹುಕ್ಕೇರಿಯ ಬೀಗರ ಮನೆಯಲ್ಲಿ ನಿಶ್ಚಯ ಕಾರ್ಯ. ಹನ್ನೊಂದಕ್ಕೆ ಮುಹೂರ್ತ. ಮನೆಯವಳು ಸೀರೆ ಬದಲಿಸಿದ್ದರಿಂದ ತಡವಾಯಿತೆಂದು ನಾನು ಹೇಳುತ್ತ ಬಂದಿದ್ದೇನೆ; ನಿಜಕ್ಕೂ ತಡವಾದದ್ದು ನಾನು ಪೇಪರು ಓದುತ್ತ ಕುಳಿತಿದ್ದರಿಂದ. ಘಟಪ್ರಭಾ ದಾಟಿದ ಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರು. ಎರಡು ಸಲ ಹಿಂದೆ ಹಾಕಲು ನೋಡಿದೆ, ಎದುರಿನಿಂದ ಬಸ್ಸು ಬಂತು. ಹಾರ್ನ್ ಒತ್ತಿದೆ, ಒತ್ತಿದೆ ಎನ್ನುವುದಕ್ಕಿಂತ ಒತ್ತಿ ಹಿಡಿದೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನೊಳಗೆ ಏನಿತ್ತೆಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ಟ್ರ್ಯಾಕ್ಟರು ಬೇಕೆಂದೇ ನನ್ನ ದಾರಿಯನ್ನು ಅಡ್ಡಗಟ್ಟಿದೆ, ನನ್ನ ಹೊತ್ತನ್ನು ಕದಿಯುತ್ತಿದೆ ಎಂದು ನಾನು ಖಂಡಿತವಾಗಿ ನಂಬಿದ್ದೆ. 'ನನ್ನ ದಾರಿ' ಎಂದೇ ಅಂದುಕೊಂಡೆ. ಮೂರನೆಯ ಸಲ ಎದುರಿಗೆ ಒಂದು ಮೋಟರ್ ಸೈಕಲ್ಲು ಬರುವುದು ಕಂಡಿತು. ಕಂಡಿತು ಎಂಬುದನ್ನು ಒತ್ತಿ ಹೇಳಬೇಕು. ಕಾಣಲಿಲ್ಲವೆಂದರೆ ತಪ್ಪು ಹಗುರಾಗುತ್ತಿತ್ತು. ಸಣ್ಣ ಗಾಡಿ, ಅವನೇ ಬದಿಗೆ ಸರಿದಾನು ಎಂದುಕೊಂಡು ನುಗ್ಗಿದೆ. ಅವನು ಸರಿದ. ರಸ್ತೆ ಬಿಟ್ಟು ಗರಸಿನ ಮೇಲೆ ಇಳಿದು, ಜಾರಿ, ಕಾಲೂರಿ ಹೇಗೋ ನಿಂತ. ಅವನ ಹಿಂದೆ ಒಬ್ಬ ಹೆಂಗಸು ಕುಳಿತಿದ್ದಳು. ಬದಿಗೆ ತೂಗುಹಾಕಿದ್ದ ಹಾಲಿನ ಕ್ಯಾನು ಉರುಳಿತು. ಕನ್ನಡಿಯಲ್ಲಿ ಬಿಳಿಯ ಹಾಲು ಹರಿಯುವುದು ಕಂಡಿತು. ನಾನು ನಿಲ್ಲಲಿಲ್ಲ.

ನಿಲ್ಲಬೇಕಾಗಿ ಬಂದದ್ದು ಮುಂದೆ ರಸ್ತೆ ಅಗೆದಿದ್ದರಿಂದ. ಒಂದು ಕಡೆಯ ಗಾಡಿಗಳನ್ನು ತಡೆದು ಇನ್ನೊಂದು ಕಡೆಯವನ್ನು ಬಿಡುತ್ತಿದ್ದರು. ನನ್ನ ಹಿಂದೆ ನಾಲ್ಕೈದು ಗಾಡಿಗಳು ಬಂದು ನಿಂತವು. ನಾನು ಹಿಂದೆ ಹಾಕಿದ ಟ್ರ್ಯಾಕ್ಟರೂ ಬಂದು ನಿಂತಿತು. ಅಷ್ಟೆಲ್ಲ ಮಾಡಿ ನಾನು ಗಳಿಸಿದ್ದು ಆ ಟ್ರ್ಯಾಕ್ಟರಿಗಿಂತ ಒಂದು ಗಾಡಿಯಷ್ಟು ಮುಂದಿನ ಸ್ಥಾನ. ಸ್ವಲ್ಪ ಹೊತ್ತಿಗೆ ಆ ಮೋಟರ್ ಸೈಕಲ್ಲಿನವನು ತಿರುಗಿಸಿಕೊಂಡು ಬಂದ. ಇಳಿದು ನನ್ನ ಕಾರಿನ ಹಿಂದೆ ನಿಂತ. ಜಗಳಕ್ಕೆ ಬಂದನೆಂದು ಮನೆಯವಳು ಗಾಜು ಏರಿಸಿಕೊಂಡಳು. ಅವನು ಜಗಳಾಡಲಿಲ್ಲ. ಹಿಂದಿನ ಗಾಜಿನ ಮೇಲಿದ್ದ ವಚನವನ್ನು, ಬಹಳ ದಿನ ಅಕ್ಷರ ಮುಟ್ಟದವರು ಓದುವ ಹಾಗೆ, ಒಂದೊಂದೇ ಪದವಾಗಿ, ಗಟ್ಟಿಯಾಗಿ ಓದಿದ. ಕೊನೆಯ ಶಬ್ದದವರೆಗೂ ಓದಿದ. ಆಮೇಲೆ ನನ್ನ ಕಿಟಕಿಯ ಹತ್ತಿರ ಬಂದು, "ಭಾಳ ಚಲೋ ಬರಸೀರಿ ಸಾಹೇಬ್ರ" ಎಂದ.

ನಾನು ಕಿಸೆಗೆ ಕೈ ಹಾಕಿ, ಹಾಲಿನ ರೊಕ್ಕ ಕೊಡುತ್ತೇನೆ ಎಂದೆ. "ಹಾಲಿಂದೇನೈತ್ರಿ, ಸಂಜಿಕ ಎಮ್ಮಿ ಮತ್ತ ಹಿಂಡತಾವು. ಅಕಿ ಬಸರ ಹೆಂಗಸು, ಅದಕ ಹೇಳಾಕ ಬಂದೆ" ಎಂದು ಹೇಳಿ ಹೊರಟುಹೋದ. ಅವಳು ಅಷ್ಟು ದೂರದಲ್ಲಿ, ಗಾಡಿಯ ಪಕ್ಕದಲ್ಲಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದಳು. ನಾವು ಮುಹೂರ್ತಕ್ಕೆ ಸರಿಯಾಗಿ ಹುಕ್ಕೇರಿ ಮುಟ್ಟಿದೆವು.

ಆ ವಚನ ನನ್ನನ್ನು ಏಕೆ ತಡೆಯಲಿಲ್ಲ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಮೊದಲನೆಯ ಉತ್ತರ ತೀರ ಸಾದಾ: ಅದು ನನ್ನ ಬೆನ್ನಿಗಿತ್ತು. ಗಾಡಿಯ ಹಿಂದೆ ಬರೆಸಿದ್ದನ್ನು ಓದಲಾರದವನು ಲೋಕದಲ್ಲಿ ಒಬ್ಬನೇ, ಗಾಡಿ ನಡೆಸುವವನು. ದಯೆಯ ಉಪದೇಶ ನನ್ನ ಹಿಂದೆ ಬರುವವರಿಗೆ, ಅಂದರೆ ನಾನು ಹಿಂದೆ ಹಾಕಿದವರಿಗೆ ತಲುಪುತ್ತಿತ್ತು. ಎರಡನೆಯ ಉತ್ತರ ಅಷ್ಟು ಸುಲಭವಾಗಿ ನುಂಗುವಂತಹುದಲ್ಲ. ಆ ಚೀಟಿಯನ್ನು ಹಚ್ಚಿದ ದಿನ ನನಗೆ ಒಂದು ತೃಪ್ತಿಯಾಗಿತ್ತು. ದಯೆಯ ವಿಷಯದಲ್ಲಿ ನಾನು ಮಾಡಬೇಕಾದ್ದನ್ನು ಮಾಡಿ ಮುಗಿಸಿದೆ ಎಂಬ ತೃಪ್ತಿ. ದಯೆಯುಳ್ಳವನು ಎಂದು ಹೊರಗೆ ಬರೆಸಿಕೊಂಡವನಿಗೆ, ತಾನು ದಯೆ ತಪ್ಪಿದೆನೇ ಎಂದು ಒಳಗೆ ಕೇಳಿಕೊಳ್ಳುವ ಅಗತ್ಯ ಕಡಿಮೆಯಾಗುತ್ತದೆ. ನಾನು ಹುಲಿಯ ಚಿತ್ರ ಹಚ್ಚಿದ್ದರೆ, ಬಹುಶಃ, ಹುಲಿಯಂತೆ ಕಂಡೇನೆಂಬ ಸಂಕೋಚವಾದರೂ ಇರುತ್ತಿತ್ತು. ಕೊಲೊರಾಡೊದವರು ಹೇಳಿದ್ದು, ಚೀಟಿ ಏನನ್ನುತ್ತದೆ ಎಂಬುದರಿಂದ ವ್ಯತ್ಯಾಸವಿಲ್ಲ ಎಂದು. ನನ್ನ ಮಟ್ಟಿಗೆ ಇತ್ತೇನೋ ಎಂಬ ಅನುಮಾನ ನನ್ನದು. ಒಳ್ಳೆಯ ಮಾತೇ ಹೆಚ್ಚು ಕೆಟ್ಟದ್ದು ಮಾಡಿತೇನೋ.

ಚೀಟಿ ಇಲ್ಲದಿದ್ದರೆ ನಾನು ಅಂದು ನುಗ್ಗುತ್ತಿರಲಿಲ್ಲವೆ? ನುಗ್ಗುತ್ತಿದ್ದೆ ಎಂದೇ ತೋರುತ್ತದೆ. ತಡವಾಗಿತ್ತು, ಸಿಟ್ಟು ಬಂದಿತ್ತು. ೨೦೨೨ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ಹತ್ತರಲ್ಲಿ ಏಳು ಸಾವಿಗೆ ಮಿತಿಮೀರಿದ ವೇಗ ಕಾರಣವೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರನ್ನು ಕೊಂದವರೆಲ್ಲ ಚೀಟಿ ಹಚ್ಚಿದವರೇನಲ್ಲ. ಆದುದರಿಂದ ಸ್ಟಿಕರಿನ ಅಂಗಡಿ ಮುಚ್ಚಿಸಿರೆಂದು ನಾನು ಹೇಳಲಾರೆ. ನಂಬರ್ ಪ್ಲೇಟಿನ ಮೇಲೆ ನಂಬರಲ್ಲದೆ ಬೇರೇನೂ ಬರೆಸಕೂಡದೆಂಬ ನಿಯಮವಿದೆ. ಅದನ್ನು ಪಾಲಿಸಿದರೆ ಸಾಕು. ಉಳಿದದ್ದು ಕಾಯಿದೆಗೆ ಎಟುಕುವ ಮಾತಲ್ಲ.

ಆ ವಾರವೇ ಗಾಜಿನ ಮೇಲಿನ ಚೀಟಿಯನ್ನು ತೆಗೆಯಲು ಕುಳಿತೆ. ಬಿಸಿನೀರು ಹಾಕಿದೆ, ಸೀಮೆಎಣ್ಣೆ ಹಚ್ಚಿದೆ, ಉಗುರಿನಿಂದ ಕೆರೆದೆ. ಅರ್ಧ ಬಂತು, ಅರ್ಧ ಬರಲಿಲ್ಲ. ಈಗ ಅಲ್ಲಿ ಉಳಿದಿರುವುದನ್ನು ಯಾರೂ ಓದಲಾರರು. ಬೆಕ್ಕಿನ ಮರಿಯನ್ನು ಮುಟ್ಟಲು ಮೊಮ್ಮಗಳು ಬಿಡಲಿಲ್ಲ.

ಮೊನ್ನೆ ಮೂಡಲಗಿಗೆ ಹೋದಾಗ ಅಕ್ಕನ ಮಗ ಹೊಸ ಟ್ರೇಲರು ತಂದಿದ್ದ. ಅಂಗಳದಲ್ಲಿ ಪೇಂಟರು ಬಣ್ಣದ ಡಬ್ಬಿಗಳನ್ನು ಹರವಿಕೊಂಡು ಕೂತಿದ್ದ. ಹಿಂಬದಿಯ ಹಲಗೆಯ ಮೇಲೆ ಅದಾಗಲೇ ಹುಲಿ ಮುಗಿದಿತ್ತು, ಬಾಲ ಒಂದು ಬಿಟ್ಟು.

"ಛಲೋ ಆತು ಬಂದಿ ಮಾಮಾ. ನೀ ಕನ್ನಡ ಮಾಸ್ತರ. ಹುಲಿ ಕೆಳಗ ಒಂದ ಚಲೋ ಮಾತ ಹೇಳು, ಬರಸೂಣು" ಎಂದ.

ಮೂವತ್ತು ವರ್ಷ ಒಳ್ಳೆಯ ಮಾತುಗಳನ್ನು ಕರಿಹಲಗೆಯ ಮೇಲೆ ಬರೆದವನು ನಾನು. ಬಾಯಿಗೆ ಹಲವು ಬಂದವು, ಯಾವುದನ್ನೂ ಹೇಳಲಾಗಲಿಲ್ಲ. "ಕೆಂಪು ಪಟ್ಟಿ ಎಲ್ಲಿ?" ಎಂದು ಕೇಳಿದೆ. ರಾತ್ರಿ ಹಿಂದಿನಿಂದ ಬರುವವನ ಬೆಳಕಿಗೆ ಹೊಳೆಯುವ ಪಟ್ಟಿ, ರಿಫ್ಲೆಕ್ಟರು. ಕತ್ತಲಲ್ಲಿ ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಬಂದು ಬಡಿದವರ ಸುದ್ದಿ ನುರಿಸುವ ಕಾಲದಲ್ಲಿ ನಮ್ಮ ಕಡೆ ಕೇಳದ ವರ್ಷವಿಲ್ಲ.

"ಅದು ಸೀಜನ್ ಚಾಲೂ ಆದಾಗ ಪೊಲೀಸರು ಹಚ್ಚತಾರ, ಮಾಮಾ."

"ಅವರು ಹಚ್ಚೂತನಕ?"

ಅವನು ನನ್ನ ಮುಖ ನೋಡಿದ. ಹುಡುಗನನ್ನು ಅಂಗಡಿಗೆ ಕಳಿಸಿ ಒಂದು ಸುರುಳಿ ತರಿಸಿದ. ಹಲಗೆಯ ಎರಡೂ ತುದಿಗೆ ಹಚ್ಚಬೇಕಾದರೆ ಎಡಗಡೆಯಲ್ಲಿ ಜಾಗ ಸಾಲದು. ಅಲ್ಲಿ ಹುಲಿಯ ಬಾಲಕ್ಕೆಂದು ಗೆರೆ ಎಳೆದಾಗಿತ್ತು. ಪೇಂಟರು, ಬಾಲವಿಲ್ಲದ ಹುಲಿಯನ್ನು ತಾನು ಜನ್ಮದಲ್ಲಿ ಬರೆದಿಲ್ಲವೆಂದು ವಾದಕ್ಕೆ ನಿಂತ. ಬಹಳ ಹೊತ್ತು ಚೌಕಾಸಿಯಾದ ಮೇಲೆ ಬಾಲವನ್ನು ಮೇಲಕ್ಕೆ ತಿರುಗಿಸುವುದೆಂದು ಗೊತ್ತಾಯಿತು. ರವದಿ ಇಳಿಬಿದ್ದು ಮುಚ್ಚದ ಹಾಗೆ ಪಟ್ಟಿಯನ್ನು ಎಷ್ಟು ಕೆಳಗೆ ಹಚ್ಚಬೇಕೆಂದು ಅಕ್ಕನ ಮಗ ಬಗ್ಗಿ ಅಳತೆ ಮಾಡುತ್ತಿದ್ದ. ಅಕ್ಕ ಒಳಗಿನಿಂದ ಚಹ ಆರುತ್ತದೆಂದು ಕೂಗಿದಳು.